ಗುರುವಾರದಿಂದ ಸೋಮವಾರದವರೆಗೆ

ಸಂಸ್ಥೆಯಲ್ಲಿ ಆಕೆಗೆ 'ಇನ್ನೊಂದ್ಸಲ ಮೇಡಂ' ಎಂಬ ಅಡ್ಡಹೆಸರಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅನ್ನದವರೇ ಇರಲಿಲ್ಲ. ಕಿರಿಯರು ಯಾವ ಫಲಿತಾಂಶ ತಂದಿಟ್ಟರೂ ಆಕೆ ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ತನಕ ತಂದು ಓದಿ, "ಚೆನ್ನಾಗಿದೆ. ಇನ್ನೊಂದ್ಸಲ ಮಾಡಿ" ಎನ್ನುತ್ತಿದ್ದಳು. ಮೇಡಂಗೆ ಮದುವೆಯಾಗದಿರುವುದಕ್ಕೂ ಇದೇ ಕಾರಣವಂತೆ, ಒಪ್ಪಿ ಬಂದ ಗಂಡಿಗೂ "ಇನ್ನೊಂದ್ಸಲ ಯೋಚನೆ ಮಾಡಿ" ಅಂದು ಕಳಿಸಿದ್ದರಂತೆ ಎಂದು ಲ್ಯಾಬಿನಲ್ಲಿ ಹೊಸಬರಿಗೆ ಹೇಳಿ ನಗಿಸುತ್ತಿದ್ದರು.

ಇಪ್ಪತ್ತೆರಡು ವರ್ಷಗಳಿಂದ ಆಕೆಯ ಕೆಲಸವೆಲ್ಲ ಕಾಮಾಲೆ ತರುವ ಹೆಪಟೈಟಿಸ್ ವೈರಸ್‌ಗಳ ಮೇಲೆ. ಎಲ್ಲವೂ ಎರಗುವುದು ಲಿವರಿನ ಮೇಲೆಯೇ, ಬರುವ ದಾರಿ ಮಾತ್ರ ಬೇರೆ ಬೇರೆ. ಕೆಲವು ರಕ್ತದಲ್ಲಿ ಬರುತ್ತವೆ, ಕೆಲವು ಕುಡಿಯುವ ನೀರಿನಲ್ಲಿ. ಎಲ್ಲಿಯಾದರೂ ಒಂದೇ ಸಮನೆ ಜನರ ಕಣ್ಣು ಹಳದಿಯಾಗತೊಡಗಿದರೆ ಸಂಸ್ಥೆಯವರು ಮೊದಲು ಕಳಿಸುತ್ತಿದ್ದುದು ಆಕೆಯನ್ನೇ.

'ಇನ್ನೊಂದ್ಸಲ' ಎನ್ನುವ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಏಳು ವರ್ಷದ ಹಿಂದೆ ಒಂದು ಊರಿನಲ್ಲಿ ಮಕ್ಕಳಿಗೆ ಕಾಮಾಲೆ ಬಂದಾಗ, ಮೊದಲ ಪರೀಕ್ಷೆಯನ್ನಷ್ಟೇ ನೋಡಿ ಆಕೆ ಶಾಲೆಯ ಹತ್ತಿರದ ಒಂದು ಬೇಕರಿಯ ಕಡೆ ಬೊಟ್ಟು ಮಾಡಿದ್ದಳು. ಮಾತು ಆಸ್ಪತ್ರೆಯ ಬಾಗಿಲು ದಾಟುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಸಂಜೆಯೊಳಗೆ ಜನ ಅಂಗಡಿಯ ಗಾಜು ಒಡೆದರು. ಬೇಕರಿಯವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರನ್ನೇ ಬಿಟ್ಟ. ಎರಡನೆಯ ಪರೀಕ್ಷೆ ಬಂದಾಗ ತಪ್ಪು ಬೇಕರಿಯದಲ್ಲ, ಶಾಲೆಯ ಬಾವಿಯದು ಎಂದು ಗೊತ್ತಾಯಿತು. ಆಕೆ ಆ ಮನುಷ್ಯನನ್ನು ಎರಡು ವರ್ಷ ಹುಡುಕಿಸಿದಳು, ಸಿಗಲಿಲ್ಲ. ಅಂದಿನಿಂದ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತು ಎಂಬಂತಾಯಿತು ಆಕೆಯ ಬಾಳು.

ಈ ಸಲದ ಕರೆ ಬಂದದ್ದು ಮೂರು ಗಂಟೆಯ ದಾರಿಯ ಒಂದು ಊರಿನಿಂದ. ಆಕೆಯ ತಂಗಿ ಅದೇ ಊರಿನಲ್ಲಿ ಶಾಲೆಯ ಟೀಚರು. ಎರಡು ವಾರದಲ್ಲಿ ಆಸ್ಪತ್ರೆಗೆ ಇಪ್ಪತ್ತೇಳು ಕಾಮಾಲೆಯವರು ಬಂದಿದ್ದರು. ಬುಧವಾರ ಬೆಳಿಗ್ಗೆ ಆಕೆ, ರಕ್ತದ ಹನಿ ಬಿದ್ದರೆ ಗೆರೆ ಮೂಡುವ ಪರೀಕ್ಷೆಯ ಪಟ್ಟಿಗಳ ಡಬ್ಬವನ್ನೂ ಐಸ್ ಪೆಟ್ಟಿಗೆಯನ್ನೂ ಕಾರಿನಲ್ಲಿಟ್ಟುಕೊಂಡು ಹೋದಳು.

ನೀರಿನ ಪೈಪು ಎಲ್ಲೆಲ್ಲಿ ಹಾದುಹೋಗಿದೆ ಎಂದು ತೋರಿಸಲು ಪುರಸಭೆಯವರು ಒಬ್ಬ ನೀರುಗಂಟಿಯನ್ನು ಜೊತೆಗೆ ಕೊಟ್ಟರು. ಐವತ್ತೆಂಟರ ಆಳು. ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ. ಊರಿನ ಮಕ್ಕಳಿಗೆಲ್ಲ ಅವನು 'ಕೀಲಿ ಮಾಮ'. ಪುರಸಭೆಯ ನಕ್ಷೆಯಲ್ಲಿ ಇಲ್ಲದ ಪೈಪುಗಳೆಲ್ಲ ಅವನ ತಲೆಯಲ್ಲಿದ್ದವು.

"ಈ ಊರಿನ ದೊಡ್ಡೋರು ಚಿಕ್ಕೋರು ಎಲ್ಲಾ ನನ್ನ ಕೀಲೀಲೇ ಇರೋದು ಡಾಕ್ಟ್ರಮ್ಮ," ಎಂದ ಮೊದಲ ದಿನವೇ, ಕಾರಿನ ಮುಂದಿನ ಸೀಟಿನಲ್ಲಿ ಕೀಲಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು. "ಮನೇಲಿ ಮಾತ್ರ ನನ್ನ ಮಾತು ಒಂದು ಹನೀನೂ ಹರಿಯಲ್ಲ. ಹೆಂಡ್ತಿ ಒಂದು ಕಡೆಯಿಂದ ಬಂದ್ ಮಾಡ್ತಾಳೆ, ಮಗಳು ಇನ್ನೊಂದು ಕಡೆಯಿಂದ."

ಬಹಳ ದಿನಗಳ ಮೇಲೆ ಆಕೆ ಮನಬಿಚ್ಚಿ ನಕ್ಕಳು.

ಗುರುವಾರ ಸಂಜೆ, ಆಸ್ಪತ್ರೆಯ ಕಿಷ್ಕಿಂಧೆಯಂಥ ಲ್ಯಾಬಿನಲ್ಲಿ ಆಕೆ ಹನ್ನೆರಡು ಜನರ ರಕ್ತವನ್ನು ಪಟ್ಟಿಗಳ ಮೇಲೆ ಹಾಕಿದಳು. ಕಾಲು ಗಂಟೆಯಲ್ಲಿ ಒಂಬತ್ತು ಪಟ್ಟಿಗಳ ಮೇಲೆ ಎರಡೆರಡು ಕೆಂಪು ಗೆರೆ ಮೂಡಿದವು. ಹೆಪಟೈಟಿಸ್ ಇ. ನೀರಿನಿಂದ ಬರುವಂಥದ್ದು. ಇಪ್ಪತ್ತೇಳು ಜನರ ವಿಳಾಸಗಳನ್ನು ಊರಿನ ನಕ್ಷೆಯ ಮೇಲೆ ಗುರುತು ಹಾಕಿದಾಗ ಇಪ್ಪತ್ತನಾಲ್ಕು ಮನೆಗಳು ಮೂರನೇ ವಾಲ್ವಿನಿಂದ ನೀರು ಹೋಗುವ ಬೀದಿಗಳಲ್ಲೇ ಬಿದ್ದವು. ಮೂರನೇ ವಾಲ್ವಿನ ನೀರು ಕೆಟ್ಟಿದೆ ಎಂದು ಆಕೆಗೆ ಆ ಕ್ಷಣಕ್ಕೇ ಗೊತ್ತಾಯಿತು. ಅನುಮಾನವಲ್ಲ, ಗೊತ್ತಾಯಿತು.

ಇ ವೈರಸ್ ಸಾಮಾನ್ಯರನ್ನು ಮೂರು ನಾಲ್ಕು ವಾರ ಮಲಗಿಸಿ ಬಿಟ್ಟುಬಿಡುತ್ತದೆ. ತುಂಬು ಬಸುರಿಯರ ಪಾಲಿಗೆ ಮಾತ್ರ ಅದು ಯಮ. ಈ ವಿಷಯವನ್ನು ಆಕೆ ಎಷ್ಟೋ ತರಗತಿಗಳಲ್ಲಿ ಹೇಳಿದ್ದಳು.

"ನೀರು ಕುದಿಸಿ ಕುಡೀರಿ ಅಂತ ನಾಳೆ ಬೆಳಿಗ್ಗೇನೇ ಸಾರಿಸಿಬಿಡೋಣ್ವಾ ಮೇಡಂ?" ಎಂದು ಆಸ್ಪತ್ರೆಯ ವೈದ್ಯ ಕೇಳಿದ.

"ಈ ಪಟ್ಟಿ ನಂಬೋ ಹಾಗಿಲ್ಲ. ಸ್ಯಾಂಪಲ್ ನಮ್ಮ ಲ್ಯಾಬಿಗೆ ಕಳಿಸ್ತೀನಿ, ಸೋಮವಾರ ವೈರಸ್ ಸಿಕ್ಕಿತೋ ಇಲ್ವೋ ಖಚಿತ ಆಗುತ್ತೆ. ಅಲ್ಲೀವರೆಗೂ ಒಂದು ಮಾತೂ ಹೊರಗೆ ಹೋಗೋದು ಬೇಡ. ತಪ್ಪಾದ್ರೆ?"

ತಪ್ಪಾದರೆ ಏನಾಗುತ್ತಿತ್ತು ಎಂದು ಆಕೆ ಆಗ ತನ್ನನ್ನು ಕೇಳಿಕೊಳ್ಳಲಿಲ್ಲ. ಊರಿನವರು ನಾಲ್ಕು ದಿನ ಸುಮ್ಮನೆ ನೀರು ಕುದಿಸಿ ಕುಡಿಯುತ್ತಿದ್ದರು, ಅಷ್ಟೇ. ಗಾಜು ಒಡೆಸಿಕೊಳ್ಳಲು ಇಲ್ಲಿ ಯಾವ ಬೇಕರಿಯವನೂ ಇರಲಿಲ್ಲ.

ಐಸ್ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಸಿ ಬಂದವಳು ಕಾರಿನಲ್ಲಿ ಕೂತು ಮೊದಲು ಮಾಡಿದ ಕೆಲಸ ತಂಗಿಗೆ ಫೋನು. ತಂಗಿಯ ಮನೆಯೂ ಮೂರನೇ ವಾಲ್ವಿನ ಬೀದಿಯಲ್ಲೇ ಇತ್ತು.

"ಇವತ್ತಿಂದ ನಲ್ಲಿ ನೀರು ಕುದಿಸ್ದೆ ಬಾಯಿಗೆ ಹಾಕ್ಬೇಡ. ಚೆನ್ನಾಗಿ ಕುದೀಬೇಕು. ಹಲ್ಲುಜ್ಜೋಕೂ ಅದೇ ನೀರು. ಮಕ್ಕಳಿಗೂ ಹೇಳು."

"ಯಾಕೇ ಅಕ್ಕಾ? ಏನಾಗಿದೆ?"

"ಕೇಳ್ಬೇಡ, ಹೇಳಿದಷ್ಟು ಮಾಡು. ನಾನು ಹೇಳ್ದೆ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಶುಕ್ರವಾರ ಬೆಳಿಗ್ಗೆ ನೀರುಗಂಟಿ ಮೂರನೇ ವಾಲ್ವಿನ ಪೈಪಿನ ಉದ್ದಕ್ಕೂ ಆಕೆಯನ್ನು ನಡೆಸಿಕೊಂಡು ಹೋದ. ಮಾರುಕಟ್ಟೆಯ ಹಿಂದೆ ಪೈಪು ಕೊಳಚೆಯ ಕಾಲುವೆಗೆ ಒತ್ತಿಕೊಂಡೇ ಹೋಗುತ್ತಿತ್ತು. ಅವನು ಕೀಲಿಯ ತುದಿಯಿಂದ ಮಣ್ಣು ಕೆದಕಿದ. ಒದ್ದೆಯಾಗಿತ್ತು, ಅಂದು ನೀರು ಬಿಡದ ದಿನವಾಗಿದ್ದರೂ.

"ನೀರು ಬಿಟ್ಟಾಗ ಪೈಪು ಹೊರಗೆ ಸೋರುತ್ತೆ ಡಾಕ್ಟ್ರಮ್ಮ, ಅದಕ್ಕೆ ಭಯ ಇಲ್ಲ. ನೀರು ನಿಂತಾಗ ಉಸಿರು ಒಳಗೆ ಎಳ್ಕೊಳ್ಳುತ್ತೆ. ಆಗ ಪಕ್ಕದಲ್ಲಿ ಏನಿದ್ಯೋ ಅದನ್ನೇ ಎಳ್ಕೊಳ್ಳುತ್ತೆ." ಅವನು ಎದ್ದು ನಿಂತು ಆಕೆಯ ಮುಖ ನೋಡಿದ. "ನೀರೇನಾದ್ರೂ ಕೆಟ್ಟಿದ್ಯಾ?"

"ಈಗ್ಲೇ ಹೇಳೋಕಾಗಲ್ಲ. ರಿಪೋರ್ಟ್ ಬರ್ಲಿ."

"ಅದೂ ಸರಿನೇ. ಓದಿದೋರು ನೀವು, ನೋಡಿ ಹೇಳ್ತೀರಿ," ಎಂದು ಅವನು ಕೀಲಿಯನ್ನು ಹೆಗಲಿಗೇರಿಸಿದ.

ಅವನ ಮನೆ ಅಲ್ಲಿಂದ ಎರಡು ಬೀದಿಯಾಚೆ, ಅಲ್ಲಿಗೂ ಮೂರನೇ ವಾಲ್ವಿನ ನೀರೇ. ಬಿಸಿಲು ಏರಿತ್ತು. ಐದು ನಿಮಿಷ ಕೂತು ಹೋಗಿ ಎಂದು ಬಲವಂತ ಮಾಡಿದ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಗೊರಗಿಸಿದ ಹಳೆಯ ಪೈಪಿನ ತುಂಡುಗಳು. ಒಳಗಿನಿಂದ ಅವನ ಮಗಳು ಬಂದಳು. ಏಳು ತಿಂಗಳ ಬಸುರಿ. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದುದರಿಂದ ಹೆರಿಗೆಯಾಗುವ ತನಕ ಅಪ್ಪನ ಮನೆಯಲ್ಲಿದ್ದಳು. ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ನಗುತ್ತ ನಿಂತಳು.

"ಬೇಡಮ್ಮ, ನನ್ನ ಬಾಟ್ಲಿ ಇದೆ," ಎಂದಳು ಆಕೆ.

"ನಮ್ಮಪ್ಪ ಬಿಟ್ಟ ನೀರು ಡಾಕ್ಟ್ರೇ, ಧೈರ್ಯವಾಗಿ ಕುಡೀರಿ."

"ಬಸುರಿಯರು ಕುದಿಸಿದ ನೀರೇ ಕುಡೀಬೇಕು. ಕುದಿಸ್ತೀಯಾ ತಾನೇ?"

"ಎಲ್ಲಾ ಡಾಕ್ಟ್ರುಗಳೂ ಇದನ್ನೇ ಹೇಳ್ತಾರೆ. ಕೆಮ್ಮು ಅಂದ್ರೂ ಬಿಸಿನೀರು, ಕಾಲುನೋವು ಅಂದ್ರೂ ಬಿಸಿನೀರು," ಎಂದು ಹುಡುಗಿ ನಕ್ಕಳು. ಲೋಟವನ್ನು ವಾಪಸು ಒಯ್ಯುವುದೇಕೆಂದು ಅಲ್ಲೇ ನಿಂತು ತಾನೇ ಕುಡಿದಳು.

ಆಕೆ ನೋಡುತ್ತ ಕೂತಿದ್ದಳು. ಇವಳಿಗೆ ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ, ನೀರುಗಂಟಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ, ಸೋಮವಾರ ಇನ್ನೆಷ್ಟು ದೂರ. ಹೀಗೆ ತನಗೆ ತಾನೇ ಹೇಳಿಕೊಂಡು ಎದ್ದಳು. ಹೇಳಿದ್ದೇನಲ್ಲ, ಕುದಿಸಿ ಕುಡಿ ಎಂದು ಹೇಳಿದ್ದೇನೆ ಎಂದು ಕಾರಿನಲ್ಲಿ ಸಮಾಧಾನಪಟ್ಟುಕೊಂಡಳು. ತಂಗಿಗೆ ಹೇಳಿದ ಹಾಗೆ ಹೇಳಲಿಲ್ಲ ಎಂಬುದು ಆಕೆಗೆ ಆಗಲೂ ಗೊತ್ತಿತ್ತು.

ಸೋಮವಾರ ಮಧ್ಯಾಹ್ನ ಫೋನು ಬಂತು. ಕಳಿಸಿದ ಸ್ಯಾಂಪಲ್‌ಗಳಲ್ಲಿ ವೈರಸ್ ಸಿಕ್ಕಿತ್ತು. ಸಂಜೆಯ ಹೊತ್ತಿಗೆ ಪುರಸಭೆಯ ಗಾಡಿ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿ, ನೀರು ಕುದಿಸಿ ಕುಡಿಯಿರಿ ಎಂದು ಸಾರಿತು. ಮಂಗಳವಾರ ಮಾರುಕಟ್ಟೆಯ ಹಿಂದೆ ಅಗೆದಾಗ ಪೈಪಿನಲ್ಲಿ ಒಂದು ಅಂಗೈ ಉದ್ದದ ಬಿರುಕು ಕಂಡಿತು. ನೀರುಗಂಟಿ ತೋರಿಸಿದ ಜಾಗದಲ್ಲೇ. ಆಕೆ ಅವನ ಬೆನ್ನು ತಟ್ಟಿ ತನ್ನ ಊರಿಗೆ ಹಿಂತಿರುಗಿದಳು.

ಒಳಗೆ ಸೇರಿದ ವೈರಸ್ ಕಣ್ಣಿಗೆ ಹಳದಿಯಾಗಿ ಕಾಣಲು ಎರಡು ವಾರ ಬೇಕು, ಕೆಲವರಲ್ಲಿ ಎಂಟು ವಾರ. ಆದ್ದರಿಂದ ಪೈಪು ಸರಿಯಾದ ಮೇಲೂ ರೋಗಿಗಳು ಬರುತ್ತಲೇ ಇದ್ದರು. ಒಟ್ಟು ಆರುನೂರು ದಾಟಿತು. ನೀರುಗಂಟಿಯ ಮಗಳಿಗೆ ವಾಂತಿ ಶುರುವಾದದ್ದು ಆ ಶುಕ್ರವಾರದಿಂದ ಮೂವತ್ತೊಂದನೆಯ ದಿನ. ಆಸ್ಪತ್ರೆಯ ವೈದ್ಯ ಫೋನು ಮಾಡಿದ ದಿನವೇ ಆಕೆ ಮೂರು ಗಂಟೆಯ ದಾರಿಯನ್ನು ಎಲ್ಲಿಯೂ ನಿಲ್ಲಿಸದೆ ಓಡಿಸಿಕೊಂಡು ಬಂದಳು.

ವಾರ್ಡಿನ ಕೊನೆಯ ಮಂಚದಲ್ಲಿ ಹುಡುಗಿ ಅರೆನಿದ್ದೆಯಲ್ಲಿದ್ದಳು. ಕಣ್ಣು ತೆರೆದಾಗ ಬಿಳಿಯಿರಬೇಕಾದಲ್ಲಿ ಅರಿಶಿನವಿತ್ತು. ಹೆಸರು ಕೇಳಿದರೆ ಬೇರೆ ಏನೋ ಹೇಳುತ್ತಿದ್ದಳು. ಲಿವರ್ ಕೆಲಸ ನಿಲ್ಲಿಸಿದಾಗ ಮೊದಲು ಮಂಕಾಗುವುದು ಬುದ್ಧಿ. ಅಂದು ಸಂಜೆ ದಿನ ತುಂಬದ ಹೆಣ್ಣು ಮಗು ಹುಟ್ಟಿತು, ಒಂದೂವರೆ ಕಿಲೋ ತೂಕ. ಮಗು ಉಳಿಯಿತು. ಎರಡು ದಿನದ ಮೇಲೆ ತಾಯಿ ಹೋದಳು.

ಹೊರಗಿನ ಉದ್ದನೆಯ ಬೆಂಚಿನಲ್ಲಿ ನೀರುಗಂಟಿ ಒಬ್ಬನೇ ಕೂತಿದ್ದ. ಹೆಗಲು ಬರಿದಾಗಿತ್ತು. ಆಕೆ ಪಕ್ಕದಲ್ಲಿ ಕೂತಾಗ ಅವನು ನೆಲ ನೋಡುತ್ತಲೇ ಕೇಳಿದ.

"ಡಾಕ್ಟ್ರಮ್ಮ, ನೀರು ಕೆಟ್ಟಿದೆ ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು?"

"ಸೋಮವಾರ," ಎಂದಳು ಆಕೆ. "ರಿಪೋರ್ಟ್ ಬಂತಲ್ಲ, ಅವತ್ತು."

"ಹೂಂ," ಎಂದ ಅವನು.

ಆ ಊರಿನ ಕಾಮಾಲೆಯ ಮೇಲೆ ಆಕೆ ಬರೆದ ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಒಂದು ವಾರದೊಳಗೆ ರೋಗದ ಮೂಲ ಹುಡುಕಿದ್ದನ್ನು ದೊಡ್ಡವರು ಹೊಗಳಿದರು. ಒಂದು ಸಮ್ಮೇಳನದಲ್ಲಿ ಆಕೆ ಅದರ ಬಗ್ಗೆ ಮಾತಾಡಿದಳು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಮೇಡಂ, ಮೊದಲ ಪರೀಕ್ಷೆ ಗುರುವಾರ, ಜನರಿಗೆ ಹೇಳಿದ್ದು ಸೋಮವಾರ ಅಂತ ಬರೆದಿದ್ದೀರಿ. ನಡುವಿನ ನಾಲ್ಕು ದಿನ ಏನು ಮಾಡಿದ್ರಿ?"

"ಖಚಿತವಾಗಲಿ ಅಂತ ಕಾದ್ವಿ."

ಸಭೆಯ ತಲೆಗಳೆಲ್ಲ ಸರಿ ಎಂಬಂತೆ ಆಡಿದವು. ಹುಡುಗಿ ಥ್ಯಾಂಕ್ಯೂ ಎಂದು ಕೂತಳು. ಆಕೆ ವೇದಿಕೆ ಇಳಿದು ನೇರ ತಾನು ತಂಗಿದ್ದ ಕೋಣೆಗೆ ಹೋಗಿ ಒಂದು ಹಾಳೆಯ ಮೇಲೆ ದಿನಗಳನ್ನು ಬರೆದಳು. ಕಾಯಿಲೆ ಶುರುವಾದ ದಿನದಿಂದ ಹಿಂದಕ್ಕೆ ಎಣಿಸಿದರೆ, ಸಾರಿದ ಸೋಮವಾರದವರೆಗೆ ವೈರಸ್ ಒಳಹೊಕ್ಕಿರಬಹುದಾದ ದಿನಗಳು ನಾಲ್ಕು ವಾರದಷ್ಟು. ಅದರಲ್ಲಿ ತಾನು ಬಾಯಿ ಮುಚ್ಚಿಕೊಂಡಿದ್ದ ದಿನಗಳು ನಾಲ್ಕು. ಆ ನಾಲ್ಕರಲ್ಲೇ ಆಯಿತೆನ್ನಲು ಆಗದು, ಅಲ್ಲವೆನ್ನಲೂ ಆಗದು. ಇನ್ನೊಂದ್ಸಲ ಮಾಡಿ ನೋಡಲು ಅಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ.

ಮಾರನೆಯ ವಾರ ಆಕೆ ಮತ್ತೆ ಆ ಊರಿಗೆ ಹೋದಳು. ಮಗಳು ಹೋಗಿ ಎಂಟು ತಿಂಗಳಾಗಿತ್ತು. ನೀರುಗಂಟಿ ಬಾಗಿಲ ಮೆಟ್ಟಿಲ ಮೇಲೆ ಕೂತು ಪೈಪಿನ ತುದಿಯ ತಿರುಪಿಗೆ ಸೆಣಬಿನ ದಾರ ಸುತ್ತುತ್ತಿದ್ದ. ಆಕೆಯನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. ಒಳಗೆ ಮಗುವಿನ ಸದ್ದು ಕೇಳುತ್ತಿತ್ತು.

"ಆಸ್ಪತ್ರೇಲಿ ನಾನು ನಿಮಗೆ ಸುಳ್ಳು ಹೇಳ್ದೆ," ಎಂದಳು ಆಕೆ. ಸುತ್ತಿ ಬಳಸಿದರೆ ಹೇಳಲಾಗದೆಂದು ದಾರಿಯಲ್ಲೇ ಗೊತ್ತಾಗಿತ್ತು. "ನನಗೆ ಗುರುವಾರವೇ ಗೊತ್ತಾಗಿತ್ತು. ಶುಕ್ರವಾರ ನಿಮ್ಮ ಮನೇಲಿ ಕೂತಾಗ ಗೊತ್ತಿತ್ತು. ನಿಮ್ಮ ಮಗಳು ಆ ನೀರು ಕುಡಿಯೋವಾಗ್ಲೂ ಗೊತ್ತಿತ್ತು."

ಅವನ ಬೆರಳುಗಳು ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿ ಮುಗಿದ ಮೇಲೆ ಪೈಪನ್ನು ಕೆಳಗಿಟ್ಟ.

"ನನಗೆ ಗೊತ್ತಿತ್ತು ಡಾಕ್ಟ್ರಮ್ಮ."

"ಏನು?"

"ಶನಿವಾರ ಬೆಳಿಗ್ಗೆ ನಿಮ್ಮ ತಂಗಿ ಬೀದೀಲಿ ನೀರು ಬಿಡ್ತಾ ಇದ್ದೆ. ಪಕ್ಕದ ಮನೆ ಅಜ್ಜಿ ಬಂದು, 'ಏನಪ್ಪಾ, ನೀರು ಕೆಟ್ಟೋಗಿದ್ಯಂತಲ್ಲ, ಟೀಚರಮ್ಮ ಹಲ್ಲುಜ್ಜೋಕೂ ಕುದಿಸಿದ ನೀರೇ ಬಳಸ್ತಾ ಇದ್ದಾರೆ, ಅವರಕ್ಕ ಹೇಳಿದ್ರಂತೆ' ಅಂದ್ರು. ನಾನು ನಕ್ಕುಬಿಟ್ಟೆ. 'ಅವರಕ್ಕ ಮೂರು ದಿನದಿಂದ ನನ್ನ ಜೊತೇಲೇ ಓಡಾಡ್ತಾ ಇದ್ದಾರೆ ಅಜ್ಜಿ, ಹಾಗಿದ್ದಿದ್ರೆ ಮೊದ್ಲು ನನಗೇ ಹೇಳ್ತಿದ್ರು' ಅಂದೆ." ಅವನು ಅಂಗೈಗೆ ಅಂಟಿದ ಸೆಣಬಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿದ. "ಮನೆಗೆ ಬಂದು ಇದನ್ನೇ ತಮಾಷೆ ಅಂತ ಹೇಳ್ದೆ. ಮಗಳೂ ನಕ್ಕಳು."

"ಹಾಗಾದ್ರೆ ನಾನು ಸೋಮವಾರ ಅಂದಾಗ್ಲೇ..."

"ಸುಳ್ಳು ಅಂತ ಗೊತ್ತಾಯ್ತು."

"ಮತ್ತೆ ಯಾಕೆ ಏನೂ ಅನ್ಲಿಲ್ಲ?"

"ಏನಂತ ಅನ್ಲಿ? ನಿಮಗೆ ಒಂದು ಮಾತು ಅಂದ್ರೆ ನನಗೆ ನಾನು ಎರಡು ಅಂದ್ಕೋಬೇಕಿತ್ತು. ಒದ್ದೆ ಮಣ್ಣು ಕೆದಕಿ ತೋರಿಸ್ದೋನು ನಾನು. ಪೈಪು ಕೊಳಚೆ ಎಳ್ಕೊಳ್ಳುತ್ತೆ ಅಂತ ನಿಮಗೆ ಪಾಠ ಹೇಳ್ದೋನೂ ನಾನೇ. ಒಂದು ಪಾತ್ರೆ ನೀರು ಕುದಿಸೋಕೆ ನನಗೆ ಯಾರ ರಿಪೋರ್ಟ್ ಬೇಕಿತ್ತು?"

"ನಿಮ್ಮ ತಪ್ಪಲ್ಲ. ನೀವು ನನ್ನ ಕೇಳಿದ್ರಿ. ನಾನು ಹೇಳ್ಲಿಲ್ಲ."

"ಕೇಳ್ದೆ, ನಿಜ." ಅವನು ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಅವಳಿಗೆ ಅದಕ್ಕೂ ಮುಂಚೇನೇ ತಗುಲಿರಬಹುದಾ?"

ಹೌದು ಎಂಬ ಮಾತು ಆಕೆಯ ನಾಲಿಗೆಯ ತುದಿಯವರೆಗೂ ಬಂತು. ಅಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

"ಇರಬಹುದು. ಇಲ್ಲದೇನೂ ಇರಬಹುದು. ಅದು ಯಾವತ್ತೂ ಗೊತ್ತಾಗಲ್ಲ."

"ಯಾವ ಟೆಸ್ಟಲ್ಲೂ?"

"ಯಾವ ಟೆಸ್ಟಲ್ಲೂ ಇಲ್ಲ."

ಅವರ ಬೆನ್ನ ಹಿಂದೆ ಬಾಗಿಲಲ್ಲಿ ಅವನ ಹೆಂಡತಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಆಕೆ ಗಾಬರಿಯಿಂದ ಎದ್ದಳು. ಮಗುವಿನ ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. ಮಗುವನ್ನು ಮುಂದೆ ಹಿಡಿದಳು.

"ಬಂದಿದ್ದೀರಲ್ಲ, ಇದರ ಕಣ್ಣು ನೋಡಿ. ನಿನ್ನೆಯಿಂದ ನನಗೆ ಹಳದಿ ಹಳದಿ ಕಾಣ್ತಿದೆ. ಇವರು ಇಲ್ಲ ಅಂತಾರೆ."

ಆಕೆ ಮಗುವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಂದಳು. ಮಗು ಆಕೆಯ ಕನ್ನಡಕಕ್ಕೆ ಕೈ ಹಾಕಿತು. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಂದು ಕಣ್ಣು ನೋಡಿದಳು, ಇನ್ನೊಂದನ್ನೂ ನೋಡಿದಳು. ಅಂಗಾಲು ನೋಡಿದಳು. ಹಾಲು ಕುಡಿಯುತ್ತದೆಯೇ, ಉಚ್ಚೆಯ ಬಣ್ಣ ಹೇಗಿದೆ ಎಂದು ಕೇಳಿದಳು.

"ಬೆಳ್ಳಗಿದೆ. ಕಾಮಾಲೆ ಇಲ್ಲ ಅಂತ ನನಗೆ ಅನ್ನಿಸುತ್ತೆ. ರಕ್ತ ಪರೀಕ್ಷೆ ಮಾಡಿದ್ರೇನೇ ಖಚಿತ, ಅದಕ್ಕೆ ಎರಡು ದಿನ ಬೇಕು. ಈಗ ನನಗೆ ಅನ್ನಿಸ್ತಿರೋದು ಮಾತ್ರ ಇಷ್ಟು."

"ಅನ್ನಿಸಿದ್ದನ್ನ ಅವತ್ತೂ ಹೇಳಿದ್ರೆ ಆಗ್ತಿತ್ತು," ಎಂದಳು ಅಜ್ಜಿ. ದನಿ ಏರಿಸದೆ, ಯಾವುದೋ ಪಾತ್ರೆ ಎಲ್ಲಿಟ್ಟಿದೆ ಎಂದು ಹೇಳುವಷ್ಟು ಸಹಜವಾಗಿ ಹೇಳಿ, ಮಗುವನ್ನು ಇಸಿದುಕೊಂಡಳು.

ಅಂದೇ ಆಸ್ಪತ್ರೆಯಲ್ಲಿ ಮಗುವಿನ ರಕ್ತ ತೆಗೆಸಿ ಆಕೆ ತಾನೇ ಒಯ್ದಳು. ಎರಡನೆಯ ದಿನ ಫೋನು ಮಾಡಿ, ಎಲ್ಲ ಸರಿಯಾಗಿದೆ ಎಂದಳು. "ಸರಿ," ಎಂದು ಅಜ್ಜಿ ಫೋನಿಟ್ಟಳು.

ಮುಂದೆ ಆಕೆ ಹೋದ ಊರುಗಳಲ್ಲೆಲ್ಲ, ಮೊದಲ ಪಟ್ಟಿಯಲ್ಲಿ ಗೆರೆ ಮೂಡಿದ ಸಂಜೆಯೇ ನೀರು ಕುದಿಸಿ ಎಂದು ಸಾರಿಸಿದಳು. ಒಂದು ಊರಿನಲ್ಲಿ ಅದು ತಪ್ಪಾಯಿತು. ಅಲ್ಲಿನ ಅಧಿಕಾರಿ ಎಲ್ಲರೆದುರೇ ಬೈದ. ಬೈಸಿಕೊಂಡು ಬಂದಳು. ಇದರಿಂದ ಮನಸ್ಸಿಗೆ ನೆಮ್ಮದಿ ಸಿಕ್ಕಿತೆಂದೇನೂ ಇಲ್ಲ. ಒಂದು ಸಂಜೆ ಬಾಯಿ ಬಿಡುವುದು ಇಷ್ಟು ಸುಲಭವಾಗಿತ್ತೇ ಎಂದು ಪ್ರತಿ ಸಲವೂ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಅಜ್ಜಿ ಮಾತ್ರ ಆಗಾಗ ಫೋನು ಮಾಡುತ್ತಾಳೆ. ಮಗುವಿಗೆ ಕೆಮ್ಮು, ಮಗುವಿಗೆ ಭೇದಿ, ಹಲ್ಲು ಬರುವಾಗ ಜ್ವರ. ಹೇಗಿದ್ದೀರಿ ಎಂದು ಕೇಳುವುದಿಲ್ಲ, ಬನ್ನಿ ಎಂದು ಕರೆಯುವುದಿಲ್ಲ. ಕೇಳಬೇಕಾದದ್ದನ್ನು ಕೇಳಿ ಇಟ್ಟುಬಿಡುತ್ತಾಳೆ. ಆಕೆ ಮೀಟಿಂಗಿನಲ್ಲಿದ್ದರೂ ಎದ್ದು ಹೊರಗೆ ಬಂದು, ತನಗೆ ತೋಚಿದ್ದನ್ನು ತೋಚಿದ ಹಾಗೆಯೇ ಹೇಳುತ್ತಾಳೆ.